ಜಿಮ್‌ಗೆ ಮೂರು ಸಲ ಸೇರಿ ಮೂರು ಸಲ ಬಿಟ್ಟೆ: ಮರುದಿನವೂ ಮಾಡಬೇಕೆನಿಸುವ ವ್ಯಾಯಾಮ ಯಾವುದು?

ಮನಗೂಳಿ ಅಗಸಿ (ವಿಜಯಪುರ)
ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ. ಬೆಳಿಗ್ಗೆ ಹತ್ತಕ್ಕೆ ಕುರ್ಚಿಯಲ್ಲಿ ಕುಳಿತರೆ ಸಂಜೆ ಆರಕ್ಕೆ ಏಳುವ ಕೆಲಸ. ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದಾಗ, ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿದೆ ಎಂದು ವೈದ್ಯರು ಹೇಳಿದರು. ಮಾತ್ರೆ ಈಗಲೇ ಬೇಡ, ಮೊದಲು ಮೈ ಬಗ್ಗಿಸಿ ಎಂದರು.

ನನಗೆ ಆಲಸ್ಯವಿಲ್ಲ, ಬೇಸರವಿದೆ. ಜಿಮ್‌ಗೆ ಮೂರು ಸಲ ದುಡ್ಡು ಕಟ್ಟಿದ್ದೇನೆ. ಮೊದಲ ಸಲ ನಲವತ್ತು ದಿನ ಹೋದೆ, ಎರಡನೆಯ ಸಲ ಮೂರು ವಾರ, ಮೂರನೆಯ ಸಲ ಒಂಬತ್ತೇ ದಿನ. ಯಂತ್ರದ ಮೇಲೆ ಓಡುತ್ತಾ ಎದುರಿನ ಗೋಡೆ ನೋಡಿ ನಿಮಿಷ ಎಣಿಸುವುದು ನನ್ನಿಂದ ಆಗುತ್ತಿಲ್ಲ. ಮೊಬೈಲ್ ನೋಡಿ ಯೋಗ ಮಾಡಲು ಚಾಪೆ ತಂದೆ, ಅದು ಮಂಚದ ಕೆಳಗೆ ಸೇರಿತು.

ಚಿಕ್ಕವಳಿದ್ದಾಗ ನಾನು ಹೀಗಿರಲಿಲ್ಲ. ಶಾಲೆಯ ಖೋ ಖೋ ತಂಡದಲ್ಲಿದ್ದೆ. ಕತ್ತಲಾದರೂ ಮೈದಾನ ಬಿಡದೆ ಅವ್ವನಿಂದ ಬೈಸಿಕೊಂಡವಳು. ಆಗ ಇದು ಆರೋಗ್ಯಕ್ಕೆ ಒಳ್ಳೆಯದು ಎಂದು ನನಗೆ ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಆದ್ದರಿಂದ ಯಾವ ವ್ಯಾಯಾಮ ಒಳ್ಳೆಯದು ಎಂದು ದಯವಿಟ್ಟು ಹೇಳಬೇಡಿ. ಮರುದಿನವೂ ಮಾಡಬೇಕು ಎಂದು ನಿಮಗೆ ಅನಿಸಿದ್ದು ಯಾವುದು, ಯಾಕೆ ಅನಿಸಿತು, ಅದನ್ನು ಹೇಳಿ.

ಇಂಡಿ ನಿಂಬೆ
ನಡೆಯಿರಿ ಅಕ್ಕಾ. ಚಪ್ಪಲಿ ಸವೆಯುವುದು ಬಿಟ್ಟರೆ ಬೇರೆ ಖರ್ಚಿಲ್ಲ.

ಮನಗೂಳಿ ಅಗಸಿ
ನಡೆದು ನೋಡಿದ್ದೇನೆ ತಮ್ಮಾ. ಒಬ್ಬಳೇ ಹೊರಟರೆ ಕಚೇರಿಯ ಚಿಂತೆಯೂ ಹಿಂದೆಯೇ ಬರುತ್ತದೆ. ಹನ್ನೆರಡನೆಯ ದಿನ ಮಳೆ ಬಂತು. ಮಳೆ ನಿಂತಿತು, ನಡಿಗೆ ಮಾತ್ರ ಮತ್ತೆ ಶುರುವಾಗಲಿಲ್ಲ.

ಗುಮ್ಮಟದ ಪಾರಿವಾಳ (ವಿಜಯಪುರ)
ನೀವು ಹೇಳಿದ್ದರಲ್ಲೇ ಉತ್ತರವಿದೆ: ಒಬ್ಬಳೇ. ನಾನು ಹನ್ನೊಂದು ವರ್ಷಗಳಿಂದ ಗೋಳಗುಮ್ಮಟದ ಉದ್ಯಾನದಲ್ಲಿ ನಡೆಯುತ್ತಿದ್ದೇನೆ. ಶುರು ಮಾಡಿದ್ದು ಬಿ.ಪಿ.ಗಾಗಿ, ಮುಂದುವರಿಸಿದ್ದು ಗೆಳೆಯರಿಗಾಗಿ. ನಾವು ಐವರು. ಒಬ್ಬರು ಬಾರದಿದ್ದರೆ ಉಳಿದ ನಾಲ್ವರು ಅವರ ಮನೆಯ ಮುಂದೆ ನಿಂತು ಹೆಸರು ಹಿಡಿದು ಕೂಗುತ್ತೇವೆ. ಆ ಕೂಗಿಗೆ ಹೆದರಿಯೇ ಎಷ್ಟೋ ದಿನ ನಾನು ಹಾಸಿಗೆ ಬಿಟ್ಟು ಎದ್ದಿದ್ದೇನೆ.

ತಿಂಗಳಿಗೊಮ್ಮೆ ಟಿಕೆಟ್ ತೆಗೆದುಕೊಂಡು ಮೇಲಕ್ಕೂ ಹತ್ತುತ್ತೇವೆ. ಮೂಲೆಯ ಗೋಪುರದೊಳಗಿನ ಮೆಟ್ಟಿಲು ಕಿರಿದು, ಏರು ಕಡಿದು. ಮೇಲಿನಿಂದ ಯಾರಾದರೂ ಇಳಿದು ಬಂದರೆ ಗೋಡೆಗೆ ಬೆನ್ನು ಒತ್ತಿ ದಾರಿ ಬಿಡಬೇಕು. ಒಂದೊಂದು ಅಂತಸ್ತಿಗೂ ಕಮಾನಿನಿಂದ ಗಾಳಿ ಬಂದು ಬೆವರಿದ ಕುತ್ತಿಗೆಯನ್ನು ಸವರಿ ಹೋಗುತ್ತದೆ. ಏಳು ಅಂತಸ್ತು ಮುಗಿಸಿ ಪಿಸುಗುಟ್ಟುವ ಗ್ಯಾಲರಿಗೆ ಕಾಲಿಟ್ಟಾಗ ನಮ್ಮ ಏದುಸಿರೇ ನಮಗೆ ಕೇಳುತ್ತಿರುತ್ತದೆ. ಹೊರಗಿನಿಂದ ಅಳೆದರೆ 44 ಮೀಟರ್ ಅಡ್ಡಗಲದ ಗುಮ್ಮಟ ಅದು. ಆಚೆ ಬದಿಯ ಗೋಡೆಗೆ ಬಾಯಿಟ್ಟು ಗೆಳೆಯ 'ಸುಸ್ತಾಯಿತೇನೋ' ಎಂದು ಪಿಸುಗುಟ್ಟಿದರೆ ನನ್ನ ಕಿವಿಯ ಪಕ್ಕದಲ್ಲೇ ಕೇಳಿಸುತ್ತದೆ. 1656ರಲ್ಲಿ ಕಟ್ಟಿ ಮುಗಿಸಿದ ಗುಮ್ಮಟ ಇಂದಿಗೂ ನಮ್ಮನ್ನು ಮಾತನಾಡಿಸುತ್ತದೆ ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

ಘಟಪ್ರಭೆ ದಂಡೆ (ಮುಧೋಳ)
ಮೊಣಕಾಲು ನೋವಿರುವವರು ಇದನ್ನು ಓದಿ ನೇರವಾಗಿ ಗುಮ್ಮಟ ಹತ್ತಲು ಹೋಗಬೇಡಿ. ಹತ್ತುವಾಗ ಎದೆ ದಣಿಯುತ್ತದೆ, ಇಳಿಯುವಾಗ ಮಂಡಿ ದಣಿಯುತ್ತದೆ. ಇಳಿಯುವ ಪ್ರತಿ ಹೆಜ್ಜೆಯಲ್ಲೂ ಮೈಯ ಭಾರವನ್ನು ತಡೆದು ಹಿಡಿಯುವುದು ತೊಡೆಯ ಮುಂಭಾಗದ ಸ್ನಾಯು. ಅದಕ್ಕೆ ಬಲವಿಲ್ಲದಿದ್ದರೆ ಮರುದಿನ ಮಂಡಿ ಮಾತು ಕೇಳುವುದಿಲ್ಲ. ಹೋದ ವರ್ಷ ನನಗೆ ಹಾಗೆಯೇ ಆಯಿತು.

ಗುಮ್ಮಟದ ಪಾರಿವಾಳ
ಒಪ್ಪುತ್ತೇನೆ. ನಮ್ಮಲ್ಲೂ ಒಬ್ಬರು ಕೆಳಗೆ ಹುಲ್ಲಿನ ಮೇಲೆ ಕುಳಿತೇ ಕಾಯುತ್ತಾರೆ. ಆದರೆ ಅವರೂ ಬರುತ್ತಾರೆ ನೋಡಿ, ಅದು ಮುಖ್ಯ.

ನಿವೃತ್ತ ಪಿ.ಟಿ. ಮಾಸ್ತರ (ಜಮಖಂಡಿ)
ತಂಗಿ, ನೀವು ಬೇಡ ಎಂದರೂ ಒಂದೆರಡು ಅಂಕಿ ಹೇಳಲೇಬೇಕು, ಏಕೆಂದರೆ ಅದು ನಿಮ್ಮ ಮನಸ್ಸಿನ ಭಾರವನ್ನು ಇಳಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಸಾಕು. ಜೋರಾದ ಶ್ರಮವಾದರೆ 75ರಿಂದ 150 ನಿಮಿಷ. ಅದರ ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸ. ಹಿಂದೆ ಒಂದೊಂದು ಸಲಕ್ಕೆ ಹತ್ತು ನಿಮಿಷವಾದರೂ ಆಗಬೇಕು ಎನ್ನುತ್ತಿದ್ದರು, ಆ ನಿಯಮವನ್ನೂ ಕೈಬಿಟ್ಟಿದ್ದಾರೆ. ಐದು ನಿಮಿಷ ಮಾಡಿದರೂ ಲೆಕ್ಕಕ್ಕೆ ಬರುತ್ತದೆ.

ಮಧ್ಯಮ ಶ್ರಮ ಎಂದರೆ ಎಷ್ಟು ಎಂದು ಮಕ್ಕಳು ಕೇಳಿದಾಗ ನಾನು ಹೇಳುತ್ತಿದ್ದದ್ದು ಇಷ್ಟೇ: ಮಾತನಾಡಲು ಬರಬೇಕು, ಹಾಡಲು ಬರಬಾರದು.

ನಡಿಗೆಯ ಲೆಕ್ಕ (ಬೆಳಗಾವಿ)
ಹಾಗಾದರೆ ದಿನಕ್ಕೆ ಹತ್ತು ಸಾವಿರ ಹೆಜ್ಜೆ ಬೇಡವೇ? ನನ್ನ ಕೈಗಡಿಯಾರ ಒಂಬತ್ತು ಸಾವಿರಕ್ಕೆ ನಿಂತರೆ ರಾತ್ರಿ ಅಡುಗೆಮನೆಯಲ್ಲಿ ಸುತ್ತು ಹಾಕಿ ಲೆಕ್ಕ ತುಂಬಿಸುತ್ತೇನೆ.

ನಿವೃತ್ತ ಪಿ.ಟಿ. ಮಾಸ್ತರ
ಆ ಹತ್ತು ಸಾವಿರ ಬಂದದ್ದು ವೈದ್ಯರಿಂದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರವನ್ನು ಮಾರಾಟಕ್ಕೆ ತಂದು, ಅದಕ್ಕೆ 'ಹತ್ತು ಸಾವಿರ ಹೆಜ್ಜೆಯ ಮಾಪಕ' ಎಂಬ ಅರ್ಥದ ಹೆಸರಿಟ್ಟಿತು. ಅಲ್ಲಿಂದ ಅದು ಜಗತ್ತಿಗೆಲ್ಲ ಹಬ್ಬಿತು. 2019ರಲ್ಲಿ ಅಮೆರಿಕದ ವಯಸ್ಸಾದ ಮಹಿಳೆಯರನ್ನು ಕುರಿತು ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಿತ್ತು. ಸುಮಾರು 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಅಡುಗೆಮನೆಯ ಸುತ್ತು ಬಿಟ್ಟು ನಿದ್ದೆ ಮಾಡಿ.

ಇಳಕಲ್ ಸೆರಗು
ಮನೆಗೆಲಸ ವ್ಯಾಯಾಮವಲ್ಲವೇ? ನಾನು ದಿನಕ್ಕೆ ಮೂವತ್ತು ರೊಟ್ಟಿ ಬಡಿಯುತ್ತೇನೆ. ನೀರು ತುಂಬುವುದು, ಬಟ್ಟೆ ಒಗೆಯುವುದು, ಅಂಗಳ ಸಾರಿಸುವುದು ಬೇರೆ. ಇಷ್ಟಾದ ಮೇಲೂ ಡಾಕ್ಟರು ವ್ಯಾಯಾಮ ಮಾಡಿ ಎಂದಾಗ ಅಳು ಬಂದಿತ್ತು.

ಇಂಡಿ ನಿಂಬೆ
ಅದೇ ನಿಜವಾದ ವ್ಯಾಯಾಮ. ನಮ್ಮ ಅಜ್ಜಿ ಜಿಮ್ ನೋಡಿರಲಿಲ್ಲ, ಗಟ್ಟಿಯಾಗಿದ್ದರು.

ಕಾಕು (ಬೆಳಗಾವಿ)
ತಮ್ಮಾ, ನಿಮ್ಮ ಅಜ್ಜಿ ಗಟ್ಟಿಯಾಗಿ ಕಂಡರೇ ಹೊರತು ಅವರ ಸೊಂಟ ನೋವನ್ನು ಯಾರೂ ಕೇಳಿರಲಿಕ್ಕಿಲ್ಲ. ಗಂಡಸರು ಹೆಂಗಸರ ಮನೆಗೆಲಸವನ್ನು ವ್ಯಾಯಾಮ ಎಂದು ಹೊಗಳುವುದು ನನಗೆ ಸಿಟ್ಟು ತರಿಸುತ್ತದೆ. ಮೈಗೆ ಶ್ರಮ ಆಗುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಅದರಲ್ಲಿ ನಮ್ಮದು ಎನ್ನುವುದು ಏನಿದೆ? ಬಾಗಿದ ಬೆನ್ನು ಬಾಗಿಯೇ ಇರುತ್ತದೆ, ಕೈ ಒಂದೇ ಕಡೆ ದುಡಿಯುತ್ತದೆ. ಇಳಕಲ್ ವೈನಿ, ಮೂವತ್ತರಲ್ಲಿ ಹತ್ತು ರೊಟ್ಟಿ ಮನೆಯವರೇ ಬಡಿಯಲಿ. ಉಳಿದ ಅರ್ಧ ಗಂಟೆ ನಿಮ್ಮದು.

ನನ್ನ ಅರ್ಧ ಗಂಟೆಯಲ್ಲಿ ಏನು ಮಾಡುತ್ತೇನೆ ಎಂದು ಹೇಳುತ್ತೇನೆ. ಐವತ್ತೊಂದನೆಯ ವಯಸ್ಸಿನಲ್ಲಿ ಲೇಜಿಮ್ ಕಲಿತೆ. ಗಣಪತಿ ಮೆರವಣಿಗೆಯಲ್ಲಿ ಹುಡುಗರು ಆಡುವುದನ್ನು ಜೀವನವಿಡೀ ಕಟ್ಟೆಯ ಮೇಲೆ ನಿಂತು ನೋಡಿದ್ದೆ. ನಮ್ಮ ಗಲ್ಲಿಯ ಹೆಂಗಸರು ಹದಿನಾಲ್ಕು ಜನ ಸೇರಿ, ಗೊತ್ತಿರುವ ಒಬ್ಬ ಹುಡುಗಿಯನ್ನು ಕರೆದು ಕಲಿತೆವು. ಕಟ್ಟಿಗೆಯ ಹಿಡಿ, ಅದಕ್ಕೆ ಸರಪಳಿ, ಸರಪಳಿಯ ತುಂಬ ಲೋಹದ ತೆಳುಬಿಲ್ಲೆಗಳು. ಮೊದಲ ವಾರ ಹೆಬ್ಬೆರಳಿನ ಬುಡ ಕೆಂಪಾಗಿ ಊದಿತ್ತು. ಬಗ್ಗಿ ಪಾದದ ಬಳಿ ಒಂದು ಝಣ್, ಎದ್ದು ಎದೆಯ ಮುಂದೆ ಒಂದು ಝಣ್, ಎಡಕ್ಕೆ, ಬಲಕ್ಕೆ. ಒಬ್ಬಳು ತಪ್ಪಿದರೂ ಇಡೀ ಸಾಲಿನ ಸದ್ದು ಕೆಡುತ್ತದೆ. ಹದಿನಾಲ್ಕು ಲೇಜಿಮ್‌ಗಳು ಒಂದೇ ಸಲ ಝಣ್ ಎಂದ ದಿನ ನಾವೆಲ್ಲ ಆಟ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅರ್ಧ ಗಂಟೆಯಲ್ಲಿ ಕುಪ್ಪಸ ಒದ್ದೆಯಾಗುತ್ತದೆ. ಎಷ್ಟು ಬಗ್ಗಿ ಎದ್ದೆವು ಎಂದು ಯಾರೂ ಎಣಿಸುವುದಿಲ್ಲ.

ಇಳಕಲ್ ಸೆರಗು
ಕಾಕು, ಇದನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. ನಾಳೆಯಿಂದ ಹತ್ತು ರೊಟ್ಟಿ ಅವರದು.

ಚೈನು ಕಳಚಿದವನು (ವಿಜಯಪುರ)
ನಮ್ಮ ಊರಿನಲ್ಲಿ ಕುಳಿತು ಸೈಕಲ್ ಬಗ್ಗೆ ಯಾರೂ ಮಾತನಾಡದಿರುವುದು ಆಶ್ಚರ್ಯ! ರಾಷ್ಟ್ರಮಟ್ಟದ ಸೈಕಲ್ ಪಂದ್ಯಗಳಿಗೆ ಕರ್ನಾಟಕದಿಂದ ಹೋಗುವವರಲ್ಲಿ ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರು ಎಷ್ಟೊಂದು ಜನ. ನಮ್ಮ ರಸ್ತೆ ಸಮತಟ್ಟು, ಎದುರು ಗಾಳಿಯೇ ನಮ್ಮ ಗುಡ್ಡ. ಹಳ್ಳಿಯಿಂದ ಶಾಲೆಗೆ ಸೈಕಲ್ ತುಳಿದ ಕಾಲುಗಳು ಇಲ್ಲಿ ಸಾವಿರಾರು ಇವೆ.

ನಾನು ಪಂದ್ಯದವನಲ್ಲ. ಮಗ ಬಿಟ್ಟ ಹಳೆಯ ಸೈಕಲ್‌ಗೆ ಹೊಸ ಟೈರ್ ಹಾಕಿಸಿ ಶುರು ಮಾಡಿದೆ. ದಿನಾ ತೊರವಿಯ ನರಸಿಂಹನ ಗುಡಿವರೆಗೆ ಹೋಗಿ ಬರುತ್ತೇನೆ. ತಿಂಗಳಿಗೊಮ್ಮೆ ಭಾನುವಾರ ನಾಲ್ಕೈದು ಜನ ಕೊಲ್ಹಾರಕ್ಕೆ ಹೊರಡುತ್ತೇವೆ. ಅಲ್ಲಿ ಗಡಿಗೆ ಮೊಸರು ಇದೆಯಲ್ಲ, ಗಡಿಗೆಯನ್ನು ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ಆ ಮೊಸರು ಕಣ್ಣೆದುರು ಇದ್ದರೆ ಎದುರು ಗಾಳಿಯಲ್ಲೂ ಕಾಲು ನಿಲ್ಲುವುದಿಲ್ಲ. ಅಕ್ಕಾವರೇ, ವ್ಯಾಯಾಮಕ್ಕೆ ಹೊರಡಬೇಡಿ, ಎಲ್ಲಿಗಾದರೂ ಹೊರಡಿ.

ನಡಿಗೆಯ ಲೆಕ್ಕ
ಮೊಸರು ಸರಿ. ನಮ್ಮಲ್ಲಿ ವಾಕಿಂಗ್ ಮುಗಿಸಿದವರೆಲ್ಲ ನೇರವಾಗಿ ಬಜ್ಜಿ ಅಂಗಡಿಗೆ ಹೋಗುತ್ತಾರೆ, ಅಲ್ಲಿಂದ ಕುಂದಾ ಅಂಗಡಿಗೆ. 70 ಕೆ.ಜಿ. ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು 120ರಿಂದ 150 ಕ್ಯಾಲೊರಿ ಮಾತ್ರ. ಮಿರ್ಚಿ ಬಜ್ಜಿಯ ಎದುರು ಆ ನಡಿಗೆ ಸೋಲುತ್ತದೆ.

ಗಿರ್ಮಿಟ್ ಪ್ರಿಯ (ಬಾಗಲಕೋಟೆ)
ಬಜ್ಜಿ ತಿನ್ನುವ ಆಸೆಯಿಂದಾದರೂ ಮನೆಯಿಂದ ಹೊರಗೆ ಬಂದರಲ್ಲ! ಅಮೀನಗಡದ ಕರದಂಟು ಜೇಬಿನಲ್ಲಿಟ್ಟುಕೊಂಡು ನಡೆಯಿರಿ, ಗೋಡಂಬಿ ಬಾದಾಮಿ ಇರುತ್ತದೆ.

ಕಾಕು
ಕರದಂಟಿನಲ್ಲಿ ಬೆಲ್ಲವೂ ಇರುತ್ತದೆ. ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿದೆ ಎಂದು ಅವರು ಹೇಳಿದ್ದನ್ನು ಓದಿಲ್ಲವೇ?

ನಿವೃತ್ತ ಪಿ.ಟಿ. ಮಾಸ್ತರ
ಲೆಕ್ಕದವರಿಗೆ ಒಂದು ಮಾತು. ತೂಕವೊಂದನ್ನೇ ನೋಡಿದರೆ ನಡಿಗೆ ಬಜ್ಜಿಗೆ ಸೋಲಬಹುದು, ಸಕ್ಕರೆಯ ವಿಷಯದಲ್ಲಿ ಸೋಲುವುದಿಲ್ಲ. ದುಡಿಯುವ ಸ್ನಾಯು ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅಡ್ಡಾಡಿದರೂ ಸಕ್ಕರೆ ಮೇಲೇರುವುದು ಕಡಿಮೆಯಾಗುತ್ತದೆ. ತೂಕ ಒಂದು ಕಿಲೋ ಇಳಿಯದಿದ್ದರೂ ಈ ಲಾಭ ಇದ್ದೇ ಇದೆ. ತೂಕದ ಯಂತ್ರ ನೋಡಿ ಎದೆಗುಂದಿ ವ್ಯಾಯಾಮ ಬಿಟ್ಟವರನ್ನು ನಾನು ಬಹಳ ನೋಡಿದ್ದೇನೆ.

ಕೆಂಪು ಮಣ್ಣು (ಬೆಳಗಾವಿ ಜಿಲ್ಲೆ)
ನಾನು ಗರಡಿ ಮನೆಯಲ್ಲಿ ಬೆಳೆದವನು. ಎಣ್ಣೆ, ಅರಿಶಿನ ಕಲಸಿದ ಮಣ್ಣಿಗೆ ಬೆಳಗಿನ ಜಾವ ಒಂದು ವಾಸನೆ ಇರುತ್ತದೆ. ಇಪ್ಪತ್ತು ವರ್ಷ ಮುಂಬೈಯಲ್ಲಿದ್ದು ಮರಳಿ ಬಂದು ಬಾಗಿಲು ತೆರೆದಾಗ ಆ ವಾಸನೆಗೇ ಕಣ್ಣು ತುಂಬಿತು. ಈಗ ಕುಸ್ತಿ ಹಿಡಿಯುವ ವಯಸ್ಸಲ್ಲ. ಸಲಿಕೆ ಹಿಡಿದು ಮಣ್ಣು ಹದ ಮಾಡುತ್ತೇನೆ, ಇಪ್ಪತ್ತು ದಂಡ, ಮೂವತ್ತು ಬೈಠಕ್ ಹೊಡೆಯುತ್ತೇನೆ, ಹುಡುಗರಿಗೆ ಪಟ್ಟು ತೋರಿಸುತ್ತೇನೆ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಹುಡುಗರು ಇನ್ನೂ ಇದ್ದಾರೆ, ಅವರ ಬೆನ್ನು ನೋಡಿದರೆ ಖುಷಿಯಾಗುತ್ತದೆ. ಆದರೆ ಗರಡಿಗೆ ಬರುವ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಕನ್ನಡಿ ಇರುವ ಜಿಮ್ ಅವರಿಗೆ ಬೇಕು. ಗರಡಿಯಲ್ಲಿ ನಿನ್ನ ಬಲ ಎಷ್ಟು ಎಂದು ಹೇಳುವವನು ಎದುರಾಳಿ.

ಕಾಕು
ಅಣ್ಣಾ, ಗೌರವದಿಂದಲೇ ಕೇಳುತ್ತೇನೆ: ನಿಮ್ಮ ಗರಡಿಯೊಳಗೆ ಹೆಣ್ಣುಮಕ್ಕಳಿಗೆ ಪ್ರವೇಶವಿದೆಯೇ?

ಕೆಂಪು ಮಣ್ಣು
ನಮ್ಮ ಊರಲ್ಲಿ ಇನ್ನೂ ಇಲ್ಲ. ಇರಬೇಕು. ಊರ ಹಿರಿಯರ ಮುಂದೆ ಎರಡು ಸಲ ಎತ್ತಿದ್ದೇನೆ, ಮೂರನೆಯ ಸಲವೂ ಎತ್ತುತ್ತೇನೆ.

ಸೆಕ್ಟರ್ ನಿವಾಸಿ (ಬಾಗಲಕೋಟೆ ನವನಗರ)
ಕಾಕು ಕೇಳಿದ್ದೇ ನಿಜವಾದ ಪ್ರಶ್ನೆ. ಖುಷಿ ಎಲ್ಲಿದೆ ಎನ್ನುವ ಮೊದಲು ಜಾಗ ಎಲ್ಲಿದೆ ಹೇಳಿ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರು ಬಿಟ್ಟುಕೊಟ್ಟು ನವನಗರಕ್ಕೆ ಬಂದವರು ನಾವು. ಇದರ ನಕ್ಷೆ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರದು. ರಸ್ತೆ ಅಗಲ, ಮರಗಳಿವೆ, ನಡೆಯಲು ಜಾಗವಿದೆ. ಆದರೂ ಬೆಳಿಗ್ಗೆ ಐದೂವರೆಯ ಕತ್ತಲೆಯಲ್ಲಿ ನಾನು ಒಬ್ಬಳೇ ಹೊರಟರೆ ಬೈಕ್‌ನವರು ನಿಧಾನ ಮಾಡಿ ಮುಖ ನೋಡಿ ಹೋಗುತ್ತಾರೆ. ಬೆಳಕಾದ ಮೇಲೆ ಹೋಗೋಣವೆಂದರೆ ಏಪ್ರಿಲ್, ಮೇ ತಿಂಗಳಲ್ಲಿ ಎಂಟು ಗಂಟೆಗೇ ಬಿಸಿಲು ಸುಡುತ್ತದೆ, ಮಧ್ಯಾಹ್ನ ನಲವತ್ತು ಡಿಗ್ರಿ ದಾಟುತ್ತದೆ. ಶಾಲೆಯ ಮೈದಾನಕ್ಕೆ ಬೀಗ. ಹೆಣ್ಣುಮಕ್ಕಳು ವ್ಯಾಯಾಮ ಮಾಡುವುದಿಲ್ಲ ಎನ್ನುವವರು ಆ ಬೀಗವನ್ನೂ ನೋಡಬೇಕು.

ಇಂಡಿ ನಿಂಬೆ
ಕ್ಷಮಿಸಿ, ನಾನು ಇದನ್ನು ಯೋಚಿಸಿರಲಿಲ್ಲ. 'ನಡೆಯಿರಿ' ಎಂದು ಒಂದು ಮಾತಿನಲ್ಲಿ ಹೇಳಿಬಿಟ್ಟೆ.

ಘಟಪ್ರಭೆ ದಂಡೆ
ಜೊತೆಗೆ ಯಾರೂ ಇಲ್ಲದವರು ನಾಯಿ ಸಾಕಿ ನೋಡಿ. ನಮ್ಮೂರಿನ ಮುಧೋಳ ನಾಯಿ ಮನೆಗೆ ಬಂದ ಮೇಲೆ ನನಗೆ ಬಿಡುವೇ ಇಲ್ಲ. ಬೆಳಿಗ್ಗೆ ಐದಕ್ಕೆ ಬಾಗಿಲ ಬಳಿ ನಿಂತು ಉಗುರಿನಿಂದ ಕೆರೆಯುತ್ತದೆ. ಆದರೆ ಓಡಲು ಹೊಲವೋ ಬಯಲೋ ಇಲ್ಲದವರು ಈ ತಳಿ ತರಬೇಡಿ, ಅದು ಬೇಟೆಗೆ ಬೆಳೆಸಿದ ಜಾತಿ, ಕಟ್ಟಿ ಹಾಕಿದರೆ ಕೊರಗುತ್ತದೆ.

ಬಂಡೆಗೆ ಅಂಟಿದವನು (ಬಾದಾಮಿ)
ಬಾದಾಮಿಗೆ ಬಂದವರು 578ರ ಶಾಸನವಿರುವ ಮೂರನೆಯ ಗುಹೆ ನೋಡಿ, ಅಗಸ್ತ್ಯ ತೀರ್ಥದ ದಂಡೆಯಲ್ಲಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಅದೇ ಕೆಂಪು ಮರಳುಗಲ್ಲಿನ ಬಂಡೆ ಹತ್ತಲು ದೇಶ ವಿದೇಶದಿಂದ ಬರುವವರಿದ್ದಾರೆ. ನಾನು ಅವರ ಸಾಮಾನು ಹೊರಲು ಹೋಗಿ ಹತ್ತುವುದನ್ನು ಕಲಿತೆ. ಸೊಂಟಕ್ಕೆ ಪಟ್ಟಿ, ಪಟ್ಟಿಗೆ ಹಗ್ಗ, ಕೆಳಗೆ ಹಗ್ಗ ಹಿಡಿದ ಗೆಳೆಯ. ಬೆರಳು ಸಿಗುವಷ್ಟು ಸಂದಿಯಲ್ಲಿ ಇಡೀ ಮೈಯನ್ನು ನಂಬಿ ಬಿಡಬೇಕು. ಆ ಹೊತ್ತಿನಲ್ಲಿ ಸಾಲದ ಕಂತೂ ನೆನಪಿಗೆ ಬರುವುದಿಲ್ಲ. ಗೊತ್ತಿರುವವರ ಜೊತೆ, ಸಲಕರಣೆ ಸಮೇತ ಮಾತ್ರ ಹತ್ತಿ. ಚೀಲ ಮಾತ್ರ ಬಿಟ್ಟು ಹತ್ತಬೇಡಿ, ಕೋತಿಗಳು ಕಾಯುತ್ತಿರುತ್ತವೆ.

ಬೆಂಡು ಕಟ್ಟಿದವನು (ಬಬಲೇಶ್ವರ)
ಮಂಡಿ ನೋವಿದ್ದವರಿಗೆ ಈಜು. ಬೆನ್ನಿಗೆ ಬೆಂಡು ಕಟ್ಟಿ ಹೊಲದ ಬಾವಿಗೆ ದೂಡಿ ಅಪ್ಪ ಈಜು ಕಲಿಸಿದರು. ನೀರಿನಲ್ಲಿ ಮೈ ಹಗುರ, ಕೀಲಿಗೆ ಭಾರವಿಲ್ಲ.

ಸೆಕ್ಟರ್ ನಿವಾಸಿ
ಬಾವಿಯಲ್ಲಿ ಈಜಲು ದಯವಿಟ್ಟು ಯಾರಿಗೂ ಹೇಳಬೇಡಿ. ಪ್ರತಿ ಬೇಸಿಗೆಯಲ್ಲೂ ಬಾವಿ, ಕೃಷಿಹೊಂಡಗಳಲ್ಲಿ ಮಕ್ಕಳು ಮುಳುಗಿದ ಸುದ್ದಿ ಓದುತ್ತೇವೆ. ಕಾವಲಿರುವ ಈಜುಕೊಳವಿದ್ದರೆ ಮಾತ್ರ ಹೋಗಿ.

ಬೆಂಡು ಕಟ್ಟಿದವನು
ನಿಮ್ಮ ಮಾತು ಸರಿ. ನನ್ನ ಮಗಳಿಗೆ ನಾನೂ ಕೊಳದಲ್ಲೇ ಕಲಿಸಿದೆ.

ಕಂಬಿ ಹೊತ್ತವನು (ವಿಜಯಪುರ ಜಿಲ್ಲೆ)
ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತೇನೆ, ಒಂಬತ್ತು ವರ್ಷವಾಯಿತು. ಅಷ್ಟು ದೂರ ನಡೆದರೂ ವ್ಯಾಯಾಮ ಎಂಬ ಮಾತು ಒಮ್ಮೆಯೂ ಮನಸ್ಸಿಗೆ ಬಂದಿಲ್ಲ. ಮೂರನೆಯ ದಿನ ಅಂಗಾಲಿನ ಬೊಬ್ಬೆ ಒಡೆಯುತ್ತದೆ. ದಾರಿಯಲ್ಲಿ ಗುರುತಿಲ್ಲದ ತಾಯಿಯೊಬ್ಬರು ಬಿಸಿನೀರಿನ ಬೋಗುಣಿ ತಂದಿಟ್ಟು ಕಾಲು ಇಡು ಮಗನೇ ಎನ್ನುತ್ತಾರೆ. ಮರುದಿನ ನಡೆಯಲು ಅಷ್ಟು ಸಾಕು.

ನಡಿಗೆಯ ಲೆಕ್ಕ
ಭಕ್ತಿ ಬೇರೆ ಮಾತು. ಆದರೆ ವರ್ಷಕ್ಕೊಮ್ಮೆ ನಡೆದು ಉಳಿದ ದಿನ ಕುಳಿತರೆ ಏನು ಬಂತು?

ಕಂಬಿ ಹೊತ್ತವನು
ಕುಳಿತರೆ ಮುಂದಿನ ವರ್ಷ ಮಲ್ಲಯ್ಯನ ಬಳಿಗೆ ಹೋಗುವುದು ಹೇಗೆ? ದೀಪಾವಳಿ ಮುಗಿಯುತ್ತಿದ್ದಂತೆ ನಮ್ಮ ಓಣಿಯವರು ಸಂಜೆ ಎರಡು ಗಂಟೆ ನಡೆದು ಕಾಲು ಪಳಗಿಸಲು ಶುರು ಮಾಡುತ್ತೇವೆ.

ಕಾಕು
ಅವರ ಮಾತಿನಲ್ಲಿ ಹುರುಳಿದೆ. ನಮಗೆ ಗಣಪತಿ ಹಬ್ಬ ಇದ್ದ ಹಾಗೆ ಅವರಿಗೆ ಯುಗಾದಿ.

ಮನಗೂಳಿ ಅಗಸಿ
ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ನಿಮ್ಮೆಲ್ಲರ ಮಾತನ್ನು ಎರಡೆರಡು ಸಲ ಓದಿದೆ. ಗುಮ್ಮಟದವರ 'ಒಬ್ಬಳೇ', ಸೆಕ್ಟರ್ ತಂಗಿಯ 'ಬೀಗ', ಇವೆರಡೂ ತಲೆಯಿಂದ ಹೋಗಲೇ ಇಲ್ಲ.

ಶನಿವಾರ ನಮ್ಮ ಓಣಿಯ ಶಾಲೆಯ ಮುಖ್ಯೋಪಾಧ್ಯಾಯಿನಿಯವರ ಬಳಿ ಹೋಗಿ, ಸಂಜೆ ಒಂದು ಗಂಟೆ ಮೈದಾನ ಕೊಡಿ, ಬೀಗದ ಜವಾಬ್ದಾರಿ ನನ್ನದು ಎಂದು ಕೇಳಿದೆ. ಅವರು ಒಂದು ನಿಮಿಷ ಸುಮ್ಮನಿದ್ದು, "ನಾನೂ ಬರಬಹುದೇ?" ಎಂದರು. ಭಾನುವಾರ ಆರು ಜನ ಸೇರಿದೆವು. ಚೂಡಿದಾರ್ ಹಾಕಿದವರು ನಾಲ್ವರು, ಸೀರೆಯ ಸೆರಗು ಸಿಕ್ಕಿಸಿ ಬಂದವರು ಇಬ್ಬರು. ಖೋ ಖೋ ಆಡಿ ಮೂವತ್ತು ವರ್ಷವಾಗಿತ್ತು. ಮೂರು ಜನರನ್ನು ಕೂರಿಸಿದೆವು, ಒಬ್ಬಳು ಅಟ್ಟಿಸುವವಳು, ಇಬ್ಬರು ಓಡುವವರು. ಕುಕ್ಕರಗಾಲಿನಲ್ಲಿ ಕುಳಿತಾಗ ಮಂಡಿ ಕಟಕ್ ಎಂದಿತು. ಹಿಂದಿನಿಂದ ಅಂಗೈ ಬೆನ್ನಿಗೆ ಬಿದ್ದು "ಖೋ" ಎಂಬ ಕೂಗು ಕಿವಿಗೆ ಬಿದ್ದದ್ದೇ ತಡ, ಕಾಲು ತಾನಾಗಿ ಎದ್ದು ಓಡಿತು. ದಿಕ್ಕು ತಿರುಗಬಾರದು, ನಡುಗೆರೆ ದಾಟಬಾರದು ಎಂಬುದೆಲ್ಲ ಮೈಗೆ ನೆನಪಿತ್ತು. ಎಷ್ಟು ಹೊತ್ತು ಆಡಿದೆವೋ ಯಾರೂ ಗಡಿಯಾರ ನೋಡಲಿಲ್ಲ. ಕತ್ತಲಾಗಿ ಕಂಬ ಕಾಣದಂತಾದಾಗ ನಿಲ್ಲಿಸಿದೆವು.

ಮರುದಿನ ಮೀನಖಂಡ ಹಿಡಿದುಕೊಂಡು ಮೆಟ್ಟಿಲು ಇಳಿಯಲು ಆಗಲಿಲ್ಲ. ಬುಧವಾರ ಮತ್ತೆ ಹೋದೆವು.

ನಿವೃತ್ತ ಪಿ.ಟಿ. ಮಾಸ್ತರ
ಭಲೇ ತಂಗಿ! ಆದರೆ ಮಾಸ್ತರನಾಗಿ ಒಂದು ಮಾತು ಹೇಳದೆ ಬಿಡಲಾರೆ. ಖೋ ಖೋದಲ್ಲಿ ಕುಳಿತಲ್ಲಿಂದ ಎದ್ದು ಒಮ್ಮೆಗೇ ಓಡಬೇಕು. ವರ್ಷಗಟ್ಟಲೆ ಕುರ್ಚಿಯಲ್ಲಿದ್ದ ಕಾಲಿಗೆ ಮೀನಖಂಡದ ಸ್ನಾಯು, ಹಿಮ್ಮಡಿಯ ಸ್ನಾಯುರಜ್ಜು ಎರಡೂ ಹರಿಯುವ ಅಪಾಯವಿದೆ. ಮೊದಲು ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ: ನಿಧಾನ ಓಟ, ತುದಿಗಾಲಿನ ಮೇಲೆ ಎದ್ದು ಇಳಿಯುವುದು. ಮೊದಲ ತಿಂಗಳು ಪೂರ್ತಿ ವೇಗ ಬೇಡ, ನಡುವೆ ಒಂದು ದಿನ ಬಿಡುವು ಇರಲಿ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿಗೆ ಹೋಗಿ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದಾಗ ನಮ್ಮ ಮಹಿಳೆಯರ ತಂಡ ನೇಪಾಳವನ್ನು ಸೋಲಿಸಿ ಕಪ್ ಗೆದ್ದದ್ದನ್ನು ಟಿ.ವಿ.ಯಲ್ಲಿ ನೋಡಿ ನಾನು ಎದ್ದು ನಿಂತಿದ್ದೆ. ನಾನು ಕಲಿಸಿದ ಹುಡುಗಿಯರು ಮದುವೆಯಾದ ಮೇಲೆ ಮೈದಾನದ ಕಡೆ ಬಂದದ್ದನ್ನು ನೋಡಿರಲಿಲ್ಲ. ಇವತ್ತು ನಿಮ್ಮ ಬರಹದಲ್ಲಿ ನೋಡಿದೆ.

ಸೆಕ್ಟರ್ ನಿವಾಸಿ
ಅಕ್ಕಾ, ಬೀಗದ ವಿಷಯ ಅವರ ಮುಂದೆ ಹೇಗೆ ಎತ್ತಿದಿರಿ, ಅರ್ಜಿ ಬರೆದುಕೊಟ್ಟಿರಾ? ನಮ್ಮಲ್ಲೂ ಕೇಳಬೇಕು.

ಮನಗೂಳಿ ಅಗಸಿ
ಬರೆದುಕೊಟ್ಟೆ. ಆರು ಜನರ ಸಹಿ, ಮೊಬೈಲ್ ನಂಬರ್, ಆಡುವ ಸಮಯ, ಆಟ ಮುಗಿದ ಮೇಲೆ ಮೈದಾನ ಗುಡಿಸಿ ಬೀಗ ಹಾಕುತ್ತೇವೆ ಎಂಬ ಒಂದು ಸಾಲು. ನಿಮಗೆ ನಕಲು ಕಳಿಸುತ್ತೇನೆ.

ಒಂದು ಕಡೆಗೆ ಒಂಬತ್ತು ಜನ ಬೇಕು, ನಾವು ಇನ್ನೂ ಆರೇ ಜನ ಇದ್ದೇವೆ. ವಿಜಯಪುರದವರು ಯಾರಾದರೂ ಇದ್ದರೆ ಭಾನುವಾರ ಸಂಜೆ ಐದೂವರೆಗೆ ಬನ್ನಿ. ವಯಸ್ಸು ಕೇಳುವುದಿಲ್ಲ.

ಇಂಡಿ ನಿಂಬೆ
ನಮ್ಮ ಅಕ್ಕ ಅಲ್ಲೇ ಜಲನಗರದಲ್ಲಿದ್ದಾರೆ, ಅವರಿಗೆ ಹೇಳಿದೆ. ಬೂಟು ಬೇಕೇ ಎಂದು ಕೇಳುತ್ತಿದ್ದಾರೆ.

ಮನಗೂಳಿ ಅಗಸಿ
ಹಿಮ್ಮಡಿಗೆ ಪಟ್ಟಿ ಇರುವ ಯಾವುದಾದರೂ ಸರಿ, ಹವಾಯಿ ಚಪ್ಪಲಿ ಮಾತ್ರ ಬೇಡ.

ನಿವೃತ್ತ ಪಿ.ಟಿ. ಮಾಸ್ತರ
ಭಾನುವಾರ ಜಮಖಂಡಿಯಿಂದ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಗೆರೆ ಹಾಕಲು ಸುಣ್ಣದ ಪುಡಿ ನಾನೇ ತರುತ್ತೇನೆ. ಸೀಟಿಯೂ ಇದೆ.